ಹೋದವರ ಉಲ್ಟಾ ಯಾರು?

(ಫುಟ್‌ಬಾಲ್ ಅಭಿಮಾನಿಗಳ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಮಾತಿನ ಓಟವನ್ನು ಆದಷ್ಟು ಹಾಗೇ ಉಳಿಸಿಕೊಂಡಿದ್ದೇನೆ. ಕೊನೆಯಲ್ಲಿ ಬಂದ ಎರಡು ಪ್ರಶ್ನೆಗಳನ್ನೂ ಸೇರಿಸಿದ್ದೇನೆ.)

ಸ್ನೇಹಿತರೇ,

ಮ್ಯಾನೇಜರ್‌ ಅವರನ್ನು (ತಂಡವನ್ನು ಆರಿಸಿ ಆಡಿಸುವ ಮುಖ್ಯ ಕೋಚ್) ತೆಗೆದುಹಾಕಿದ ಸುದ್ದಿಯನ್ನು ಕ್ಲಬ್‌ಗಳು ನಾಲ್ಕೇ ಸಾಲಿನಲ್ಲಿ ಹೇಳಿ ಮುಗಿಸುತ್ತವೆ. ಸೇವೆಗೆ ಧನ್ಯವಾದ, ಮುಂದಿನ ದಿನಗಳಿಗೆ ಶುಭ ಹಾರೈಕೆ, ಹೊಸ ನೇಮಕದ ವಿವರ ಸದ್ಯದಲ್ಲೇ. ಆ ಕೊನೆಯ ಸಾಲಿಗೆ ಬರುವಷ್ಟರಲ್ಲಿ ನಮ್ಮ ಪಟ್ಟಿ ಸಿದ್ಧವಾಗಿರುತ್ತದೆ. ಯಾವ ಕ್ಲಬ್ಬೇ ಆಗಲಿ, ಪಟ್ಟಿಯ ಪಾತ್ರಗಳು ಬದಲಾಗುವುದಿಲ್ಲ. ಕೆಲಸವಿಲ್ಲದೆ ಟಿವಿ ಸ್ಟುಡಿಯೊದಲ್ಲಿ ಕೂತಿರುವ ಒಂದು ದೊಡ್ಡ ಹೆಸರು. ಹಿಂದೊಮ್ಮೆ ಇದೇ ಕ್ಲಬ್ಬಿಗೆ ಗೋಲು ಹೊಡೆದು ನಮ್ಮನ್ನೆಲ್ಲ ಕುಣಿಸಿದ್ದ ಮಾಜಿ ಆಟಗಾರ. ಪೋರ್ಚುಗಲ್ಲಿನಲ್ಲೋ ನೆದರ್ಲೆಂಡ್ಸಿನಲ್ಲೋ ಲೀಗ್ ಗೆದ್ದು ಎಲ್ಲರ ಬಾಯಲ್ಲಿರುವ ನಲವತ್ತರ ಆಸುಪಾಸಿನ ಕೋಚ್. ನಮ್ಮದೇ ಲೀಗಿನಲ್ಲಿ, ಅಂದರೆ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ, ಕಡಿಮೆ ದುಡ್ಡಿನ ತಂಡವನ್ನು ಮೇಲಕ್ಕೆ ತಂದು ನಿಲ್ಲಿಸಿದವರು. ಇವರೆಲ್ಲರ ಕೊನೆಗೆ, ಯಾವ ಕಾರಣಕ್ಕೂ ಬರುವುದಿಲ್ಲ ಅಂತ ಗೊತ್ತಿದ್ದೂ ಎಲ್ಲರೂ ಆಸೆಯಿಂದ ಎತ್ತುವ ಇನ್ನೊಂದು ಹೆಸರು.

ಆಮೇಲೆ ಜಗಳ ಶುರು. ‘ಅವರ ಆಟ ನೋಡಿದರೆ ನಿದ್ದೆ ಬರುತ್ತೆ.’ ‘ದೊಡ್ಡ ಡ್ರೆಸಿಂಗ್ ರೂಮ್ ನಿಭಾಯಿಸಿ ಅಭ್ಯಾಸ ಇಲ್ಲ.’ ‘ಆ ಲೀಗಿನಲ್ಲಿ ಗೆಲ್ಲೋದು ಬೇರೆ, ಇಲ್ಲಿ ಗೆಲ್ಲೋದು ಬೇರೆ.’ ‘ಕ್ಲಬ್ಬಿನ ರಕ್ತ ಮೈಯಲ್ಲಿರಬೇಕು ಸ್ವಾಮಿ.’ ಈ ಜಗಳವನ್ನು ಗೇಲಿ ಮಾಡಲು ನಾನು ಬಂದಿಲ್ಲ. ಎಷ್ಟೋ ಸಲ ಪಂದ್ಯಕ್ಕಿಂತ ಇದೇ ರುಚಿ. ಆದರೆ ಇಷ್ಟು ವರ್ಷ ಈ ಚರ್ಚೆಯನ್ನು ಕೇಳಿಸಿಕೊಂಡ ಮೇಲೆ ನನಗೆ ಗಟ್ಟಿಯಾಗಿ ಅನ್ನಿಸಿರುವುದು ಒಂದಿದೆ, ಇವತ್ತಿನ ಮಾತೆಲ್ಲ ಅದರ ಸುತ್ತಲೇ. ಮುಂದಿನ ಮ್ಯಾನೇಜರ್ ಯಾರಾಗಬೇಕು ಅಂತ ಚರ್ಚಿಸುವಾಗ ನಾವು ನಿಜವಾಗಿ ಮಾತಾಡುತ್ತಿರುವುದು ಹಿಂದಿನ ಮ್ಯಾನೇಜರ್ ಬಗ್ಗೆ. ಹೋದವರ ಯಾವ ಗುಣ ನಮ್ಮನ್ನು ಕೊನೆಯ ಆರು ತಿಂಗಳು ಕಾಡಿತೋ, ಅದರ ತದ್ವಿರುದ್ಧ ಗುಣ ಯಾರಲ್ಲಿ ಕಾಣುತ್ತದೋ ಅವರೇ ನಮ್ಮ ಅಭ್ಯರ್ಥಿ. ಕ್ಲಬ್ಬಿನ ಬೋರ್ಡೂ ಹೀಗೇ ಯೋಚಿಸಿದರೆ ಏನಾಗುತ್ತದೆ ಅನ್ನುವುದಕ್ಕೆ ಮ್ಯಾಂಚೆಸ್ಟರ್ ಯುನೈಟೆಡ್‌ಗಿಂತ ದೊಡ್ಡ ಉದಾಹರಣೆ ಬೇಡ. ಸಭೆಯಲ್ಲಿ ಯುನೈಟೆಡ್‌ನವರು ಬಹಳ ಮಂದಿ ಇದ್ದೀರಿ, ಸ್ವಲ್ಪ ಸಹಿಸಿಕೊಳ್ಳಿ.

2013ರಲ್ಲಿ ಯುನೈಟೆಡ್ ಮ್ಯಾನೇಜರ್ ಅಲೆಕ್ಸ್ ಫರ್ಗುಸನ್ 13ನೇ ಲೀಗ್ ಪ್ರಶಸ್ತಿ ಗೆದ್ದು ನಿವೃತ್ತರಾದರು. ಅವರ ಜಾಗಕ್ಕೆ ಬಂದವರು ಡೇವಿಡ್ ಮೋಯ್ಸ್, ಆಯ್ಕೆಯೂ ಫರ್ಗುಸನ್‌ರದ್ದೇ. ಹೋದವರು ಎಲ್ಲರಿಗೂ ಬೇಕಾದವರಾಗಿದ್ದರಿಂದ ಆ ಒಂದು ಸಲ ಬೇಕಿದ್ದದ್ದು ಉಲ್ಟಾ ಅಲ್ಲ, ನಕಲು. ಅದೇ ಸ್ಕಾಟ್ಲೆಂಡ್, ಅದೇ ದುಡಿಮೆಯ ಹಿನ್ನೆಲೆ, ಒಂದೇ ಕ್ಲಬ್ಬಿನಲ್ಲಿ 11 ವರ್ಷ ನಿಂತ ತಾಳ್ಮೆ. ಆರು ವರ್ಷದ ಕರಾರು ಕೊಟ್ಟರು. ‘ಆರಿಸಲ್ಪಟ್ಟವನು’ ಅಂತ ಸ್ಟ್ಯಾಂಡಿನಲ್ಲಿ ದೊಡ್ಡ ಬ್ಯಾನರ್ ತೂಗುಹಾಕಿದರು. 2014ರ ಮಾರ್ಚ್‌ನಲ್ಲಿ ಅದೇ ಮೈದಾನದ ಮೇಲೆ, ತಪ್ಪಾದವನನ್ನು ಆರಿಸಿದ್ದೀರಿ ಅಂತ ಸಾರುವ ಬ್ಯಾನರ್ ಎಳೆದುಕೊಂಡು ಸಣ್ಣ ವಿಮಾನವೊಂದು ಹಾರಿತು. ಏಪ್ರಿಲ್‌ನಲ್ಲಿ ಮೋಯ್ಸ್ ಮನೆಗೆ ಹೋದರು. ಆರು ವರ್ಷದ ಕರಾರಿನಲ್ಲಿ ಹತ್ತು ತಿಂಗಳು ನಡೆದಿತ್ತು.

ಇಲ್ಲಿಂದ ಲೋಲಕ ತೂಗಲು ಶುರುವಾಯಿತು. ಮೋಯ್ಸ್ ಮೇಲಿದ್ದ ದೂರು ಏನು? ಟ್ರೋಫಿ ಗೆದ್ದ ಅನುಭವವಿಲ್ಲ, ದೊಡ್ಡ ಆಟಗಾರರ ಮುಂದೆ ಸಣ್ಣವರಾಗಿ ಕಾಣುತ್ತಾರೆ. ಹಾಗಾದರೆ ಯಾರ ಮುಂದೆಯೂ ಸಣ್ಣವರಾಗದವರನ್ನು ತನ್ನಿ. ಬಂದರು ಲೂಯಿಸ್ ವಾನ್ ಗಾಲ್. ಅಯಾಕ್ಸ್‌ನಲ್ಲಿ 1995ರ ಚಾಂಪಿಯನ್ಸ್ ಲೀಗ್ (ಯೂರೋಪಿನ ಕ್ಲಬ್‌ಗಳ ಅತಿ ದೊಡ್ಡ ಟ್ರೋಫಿ), ಮೂರು ದೇಶಗಳಲ್ಲಿ ಲೀಗ್ ಪ್ರಶಸ್ತಿ, ಆಗಷ್ಟೇ ನೆದರ್ಲೆಂಡ್ಸನ್ನು ವಿಶ್ವಕಪ್‌ನಲ್ಲಿ ಮೂರನೇ ಸ್ಥಾನಕ್ಕೆ ಒಯ್ದಿದ್ದವರು. ಎರಡು ವರ್ಷದಲ್ಲಿ ದೂರು ಬದಲಾಯಿತು. ಚೆಂಡು ನಮ್ಮ ಹತ್ತಿರವೇ ಇರುತ್ತದೆ, ಆದರೆ ಗೋಲಿನ ಕಡೆ ಹೋಗುವುದೇ ಇಲ್ಲ ಅಂತ ಸ್ಟ್ಯಾಂಡಿನಲ್ಲಿ ಗೊಣಗಾಟ. 2016ರ ಮೇ 21ರಂದು ವಾನ್ ಗಾಲ್ ಎಫ್‌ಎ ಕಪ್ ಗೆದ್ದುಕೊಟ್ಟರು, 23ರಂದು ಅವರನ್ನು ತೆಗೆದರು.

ಮುಂದಿನವರು ಹೇಗಿರಬೇಕು? ಹೇಗಾದರೂ ಸರಿ, ಗೆಲ್ಲುವವರಾಗಿರಬೇಕು. ಜೋಸೆ ಮೊರಿನ್ಯೊ ಬಂದರು. ಮೊದಲ ವರ್ಷ ಲೀಗ್ ಕಪ್ ಮತ್ತು ಯೂರೋಪಾ ಲೀಗ್ (ಚಾಂಪಿಯನ್ಸ್ ಲೀಗ್‌ನ ಕೆಳಗಿನ ಹಂತ), ಎರಡನೇ ವರ್ಷ 81 ಪಾಯಿಂಟ್‌ನೊಂದಿಗೆ ಎರಡನೇ ಸ್ಥಾನ. ಮೂರನೇ ವರ್ಷ ಮೈದಾನಕ್ಕಿಂತ ಪತ್ರಿಕಾಗೋಷ್ಠಿಯಲ್ಲೇ ಹೆಚ್ಚು ಕಾದಾಟ. ಆಟಗಾರರೊಂದಿಗೆ ಮುನಿಸು, ಬೋರ್ಡಿನೊಂದಿಗೆ ಮುನಿಸು. 2018ರ ಡಿಸೆಂಬರ್‌ನಲ್ಲಿ ಲಿವರ್‌ಪೂಲ್ ವಿರುದ್ಧ 3-1ರಿಂದ ಸೋತ ಮೇಲೆ ಅವರೂ ಹೊರಗೆ. ಈಗ ಏನು ಬೇಕು? ನಗುಮುಖ ಬೇಕು. 1999ರ ಚಾಂಪಿಯನ್ಸ್ ಲೀಗ್ ಫೈನಲ್‌ನ ಹೆಚ್ಚುವರಿ ನಿಮಿಷದಲ್ಲಿ ಕಾಲು ಚಾಚಿ ಗೋಲು ಹೊಡೆದ ಓಲೆ ಗುನ್ನಾರ್ ಸೋಲ್ಶಾರ್‌ಗಿಂತ ದೊಡ್ಡ ನಗುಮುಖ ಆ ಕ್ಲಬ್ಬಿನಲ್ಲಿ ಬೇರೆ ಯಾರದು? ಸೋಲ್ಶಾರ್ ಕಾಲ ಮುಗಿದಾಗ ಮತ್ತೆ ದೂರು ತಿರುಗಿತು. ಭಾವನೆ ಸಾಕು, ಪದ್ಧತಿ ಬೇಕು. ಮಧ್ಯೆ ತಾತ್ಕಾಲಿಕವಾಗಿ ರಾಲ್ಫ್ ರಾಂಗ್ನಿಕ್, ಆಮೇಲೆ ಎರಿಕ್ ಟೆನ್ ಹಾಗ್. ಎರಡು ಕಪ್ ಬಂದರೂ ಅಂಥ ಪದ್ಧತಿ ಕಾಣಲಿಲ್ಲ ಅಂತಾಯಿತು, ಇನ್ನೂ ಗಟ್ಟಿ ಪದ್ಧತಿಯವರು ಬೇಕು ಅಂತ ಮೂರು ಡಿಫೆಂಡರ್‌ಗಳ ವ್ಯವಸ್ಥೆಯನ್ನು ಬಿಡುವುದೇ ಇಲ್ಲ ಅನ್ನುವ ರೂಬೆನ್ ಅಮೋರಿಮ್ ಬಂದರು. ಅವರು ಸೀಸನ್ ನಡುವೆ ಬಂದ ಆ ವರ್ಷ ತಂಡ ಮುಗಿಸಿದ್ದು 15ನೇ ಸ್ಥಾನದಲ್ಲಿ.

ಒಬ್ಬೊಬ್ಬರನ್ನೇ ತೆಗೆದುಕೊಂಡು ನೋಡಿ, ಯಾವ ಆಯ್ಕೆಯೂ ಹುಚ್ಚುತನವಲ್ಲ. ಆ ದಿನ, ಆ ಸಿಟ್ಟಿನಲ್ಲಿ, ಪ್ರತಿಯೊಂದೂ ಸರಿ. ತೊಂದರೆ ಬರುವುದು ಸಾಲಾಗಿ ನೋಡಿದಾಗ. ಮ್ಯಾನೇಜರ್ ಹೋಗುತ್ತಾರೆ, ಅವರು ಕೊಳ್ಳಿಸಿದ ಆಟಗಾರರು ಉಳಿಯುತ್ತಾರೆ. ಮೋಯ್ಸ್ ಎವರ್ಟನ್‌ನಿಂದ ತಂದ ಫೆಲೈನಿ ಮುಂದೆ ಮೂವರು ಮ್ಯಾನೇಜರ್‌ಗಳ ಕೈಯಲ್ಲಿ ಆಡಿದರು. ವಾನ್ ಗಾಲ್ ತರಿಸಿದ್ದ ಶ್ವೈನ್‌ಸ್ಟೈಗರ್, ವಿಶ್ವಕಪ್ ಗೆದ್ದ ಆಟಗಾರ, ಮೊರಿನ್ಯೊ ಬಂದ ಮೇಲೆ ಮೊದಲ ತಂಡದಿಂದ ದೂರವಿದ್ದು ಅಭ್ಯಾಸ ಮಾಡಬೇಕಾಯಿತು. ಒಬ್ಬರಿಗೆ ಚೆಂಡು ಹಿಡಿದಿಟ್ಟುಕೊಳ್ಳುವವರು ಬೇಕು, ಇನ್ನೊಬ್ಬರಿಗೆ ಎತ್ತರದವರು ಬೇಕು, ಮತ್ತೊಬ್ಬರಿಗೆ ಓಡುವವರು ಬೇಕು, ಕೊನೆಯವರಿಗೆ ಎರಡೂ ಅಂಚಿನಲ್ಲಿ ಉದ್ದಕ್ಕೂ ಓಡುವ ವಿಂಗ್‌ಬ್ಯಾಕ್‌ಗಳು ಬೇಕು. ಹೀಗೆ ಐದು ಜನರ ಅಭಿರುಚಿಯ ಪದರಗಳು ಒಂದೇ ತಂಡದಲ್ಲಿ. ಆರನೆಯವರು ಬಂದಾಗ ನಾವು ಕೇಳುವುದು ಒಂದೇ ಪ್ರಶ್ನೆ: ‘ಇವರು ಅವರಿಗಿಂತ ಬೇರೆ ತಾನೆ?’

ಟಾಟನ್‌ಹ್ಯಾಮ್‌ನವರು ನಗುತ್ತಿರುವುದು ಕಾಣುತ್ತಿದೆ. ನಗಬೇಡಿ. ಪೊಚೆಟ್ಟಿನೊ ಅವರಿಗೆ ಟ್ರೋಫಿ ಗೆಲ್ಲಲು ಬರುವುದಿಲ್ಲ ಅಂತ ಮೊರಿನ್ಯೊರನ್ನು ತಂದವರು ನೀವು. 2021ರಲ್ಲಿ ಲೀಗ್ ಕಪ್ ಫೈನಲ್‌ಗೆ ಆರು ದಿನ ಇರುವಾಗ ಅವರನ್ನು ತೆಗೆದು, 29 ವರ್ಷದ ರಯಾನ್ ಮೇಸನ್ ಕೈಗೆ ತಂಡ ಕೊಟ್ಟರು. ನುನೊ, ಕಾಂಟೆ ಆದಮೇಲೆ ರಕ್ಷಣೆಯ ಆಟ ಸಾಕಾಯಿತು ಅಂತ ಆಂಜ್ ಪೊಸ್ಟೆಕೊಗ್ಲು ಬಂದರು. ಇದ್ದಷ್ಟು ದಿನ ನುಗ್ಗಿ ಆಡಿದರು. 2025ರ ಮೇ ತಿಂಗಳಲ್ಲಿ ಯೂರೋಪಾ ಲೀಗ್ ಗೆದ್ದರು, ಗೆದ್ದದ್ದು ಇದೇ ಅಮೋರಿಮ್‌ರ ಯುನೈಟೆಡ್ ವಿರುದ್ಧ. ಲೀಗಿನಲ್ಲಿ 17ನೇ ಸ್ಥಾನ. ಎರಡು ವಾರ ಕಳೆದ ಬೆನ್ನಲ್ಲೇ ಅವರೂ ಇಲ್ಲ. ಆ ಎರಡು ವಾರ ಆ ಕ್ಲಬ್ಬಿನ ಅಭಿಮಾನಿಗಳ ನಡುವೆ ನಡೆದ ವಾದವಿದೆಯಲ್ಲ, ಅಷ್ಟು ಸೊಗಸಾದ ವಾದ ನಾನು ಇತ್ತೀಚೆಗೆ ಕೇಳಿಲ್ಲ. 17 ವರ್ಷಗಳ ನಂತರದ ಮೊದಲ ಟ್ರೋಫಿ ದೊಡ್ಡದೋ, 22 ಲೀಗ್ ಸೋಲುಗಳು ದೊಡ್ಡವೋ? ಅಲ್ಲಿ ಮುಂದಿನವರ ಹೆಸರಿಗಿಂತ ಹೆಚ್ಚು ಚರ್ಚೆಯಾದದ್ದು ಕ್ಲಬ್ ಯಾತಕ್ಕಾಗಿ ಇದೆ ಅನ್ನುವುದು. ಹಾಗೆ ನೋಡಿದರೆ ಅದೊಂದು ಪ್ರಾಮಾಣಿಕ ಚರ್ಚೆ.

ಲೋಲಕ ತೂಗದ ಕಡೆ ಹೇಗಿರುತ್ತದೆ? 2024ರ ಜನವರಿಯಲ್ಲಿ ಮ್ಯಾನೇಜರ್ ಕ್ಲಾಪ್ ತಾವು ಹೋಗುವುದಾಗಿ ಹೇಳಿದಾಗ ಲಿವರ್‌ಪೂಲ್ ಅಭಿಮಾನಿಗಳಿಗೆ ಹೆಚ್ಚುಕಡಿಮೆ ಒಂದೇ ಹೆಸರು ಬೇಕಿತ್ತು, ಶಾಬಿ ಅಲಾನ್ಸೊ. ಹಳೆಯ ಆಟಗಾರ, ಆ ವರ್ಷ ಲೆವರ್‌ಕೂಸೆನ್ ತಂಡವನ್ನು ಒಂದೂ ಸೋಲಿಲ್ಲದೆ ಜರ್ಮನಿಯ ಲೀಗ್ ಬುಂಡೆಸ್‌ಲೀಗಾ ಗೆಲ್ಲಿಸುತ್ತಿದ್ದವರು. ಅವರು ಮಾರ್ಚ್‌ನಲ್ಲಿ ಬರುವುದಿಲ್ಲ ಅಂದರು. ಬಂದವರು ನೆದರ್ಲೆಂಡ್ಸಿನ ಫೆಯೆನೋರ್ಡ್‌ನ ಆರ್ನೆ ಸ್ಲಾಟ್. ‘ಇಷ್ಟೇನಾ?’ ಅನ್ನುವ ಧಾಟಿಯ ಸ್ವಾಗತ. ಸ್ಲಾಟ್‌ರನ್ನು ಆರಿಸಿದ್ದು ಕ್ಲಾಪ್‌ಗೆ ಉಲ್ಟಾ ಅಂತ ಅಲ್ಲ. ಇರುವ ಆಟಗಾರರನ್ನು ಇಟ್ಟುಕೊಂಡೇ, ಹತ್ತಿರದ ಶೈಲಿಯಲ್ಲಿ, ಆದರೆ ಇನ್ನಷ್ಟು ಹಿಡಿತದಿಂದ ಆಡಿಸಬಲ್ಲರು ಅಂತ. ಆ ಬೇಸಿಗೆಯಲ್ಲಿ ತಂಡಕ್ಕೆ ಬಂದು ಸೇರಿದ ಹೊಸಬರು ಕಿಯೇಸಾ ಒಬ್ಬರೇ. ನಾಲ್ಕು ಪಂದ್ಯ ಬಾಕಿ ಇರುವಾಗಲೇ ಲೀಗ್ ಕೈಗೆ ಬಂತು. ಮರು ವರ್ಷ ದಾಖಲೆ ಮೊತ್ತ ಸುರಿದು ಹೊಸಬರನ್ನು ತುಂಬಿಸಿಕೊಂಡ ಮೇಲೆ 12 ಪಂದ್ಯಗಳಲ್ಲಿ 9 ಸೋತರು. ಮ್ಯಾನೇಜರ್ ಅದೇ ಸ್ಲಾಟ್, ಸೀಸನ್ ಬೇರೆ. ಒಂದು ವರ್ಷದ ಹಿಂದೆ ಅವರನ್ನು ಹೊತ್ತು ಕುಣಿದವರೇ ಮತ್ತೆ ಅಲಾನ್ಸೊ ಹೆಸರು ತೆಗೆದರು. ಮನುಷ್ಯ ಒಂದು ವರ್ಷದಲ್ಲಿ ದಡ್ಡನಾಗುವುದಿಲ್ಲ. ಅವರ ಕೈಗೆ ಕೊಟ್ಟ ತಂಡ ಬದಲಾಗಿತ್ತು.

ಹೆಸರು ಕೇಳಿ ಮೂಗು ಮುರಿಯುವುದು ನಮ್ಮ ಹಳೆಯ ಚಾಳಿ. 1996ರಲ್ಲಿ ಜಪಾನಿನ ನಗೋಯಾ ತಂಡದಿಂದ ಆರ್ಸೆನ್ ವೆಂಗರ್ ಆರ್ಸೆನಲ್‌ಗೆ ಬಂದಾಗ ಲಂಡನ್ನಿನ ಪತ್ರಿಕೆಯೊಂದು ‘ಆರ್ಸೆನ್ ಯಾರು?’ ಅಂತಲೇ ತಲೆಬರಹ ಹಾಕಿತ್ತು. ವೆಂಗರ್ ಆಗಲೇ ಮೊನಾಕೊಗೆ ಫ್ರೆಂಚ್ ಲೀಗ್ ಗೆದ್ದುಕೊಟ್ಟಿದ್ದರು ಅನ್ನುವುದು ಯಾರಿಗೂ ಲೆಕ್ಕಕ್ಕಿರಲಿಲ್ಲ. ಕ್ಲಬ್ಬಿನ ಉಪಾಧ್ಯಕ್ಷ ಡೇವಿಡ್ ಡೀನ್‌ಗೆ ಮಾತ್ರ ವೆಂಗರ್ 1989ರಿಂದಲೇ ಪರಿಚಯ. 2015ರಲ್ಲಿ ಲೆಸ್ಟರ್ ಸಿಟಿ ಕ್ಲಾಡಿಯೊ ರನಿಯೇರಿಯವರನ್ನು ತಂದಾಗ ಅದೇ ಊರಿನ, ಅದೇ ಕ್ಲಬ್ಬಿನ ಹೆಮ್ಮೆಯ ಮಾಜಿ ಆಟಗಾರ ಗ್ಯಾರಿ ಲಿನೆಕರ್ ‘ರನಿಯೇರಿನಾ? ನಿಜವಾಗ್ಲೂ?’ ಅನ್ನುವ ಅರ್ಥದಲ್ಲಿ ಬರೆದರು. ರನಿಯೇರಿ ಅದಕ್ಕೆ ಮುಂಚೆ ಗ್ರೀಸ್ ತಂಡದ ಕೋಚ್ ಆಗಿ ತವರಿನಲ್ಲಿ ಫ್ಯಾರೋ ದ್ವೀಪಗಳ ಎದುರು ಸೋತು ಕೆಲಸ ಕಳೆದುಕೊಂಡಿದ್ದವರು, ಲಿನೆಕರ್ ಅನುಮಾನದಲ್ಲಿ ತಪ್ಪೇನೂ ಇರಲಿಲ್ಲ. ಬೆಟ್ಟಿಂಗ್‌ನವರು 5000ಕ್ಕೆ 1 ಅಂತ ಬರೆದಿಟ್ಟ ಲೀಗ್ ಪ್ರಶಸ್ತಿಯನ್ನು ಲೆಸ್ಟರ್ ಗೆದ್ದಿತು.

ಆದರೆ ಈ ಕಥೆಗಳ ಬಗ್ಗೆ ನನಗೊಂದು ತಕರಾರಿದೆ. ವೆಂಗರ್, ರನಿಯೇರಿ ಕಥೆಗಳನ್ನು ಹೇಳಿ ಯಾರನ್ನು ಬೇಕಾದರೂ ಸಮರ್ಥಿಸಬಹುದು. ಯಾರೂ ಕೇಳಿರದ ಹೆಸರಿನವರು ಬಂದು, ಯಾರೂ ನೆನಪಿಟ್ಟುಕೊಳ್ಳದ ಹಾಗೆ ಹೋದ ಪ್ರಸಂಗಗಳಿಗೆ ಲೆಕ್ಕವಿಲ್ಲ, ಅವನ್ನು ಯಾರೂ ಕಥೆ ಮಾಡುವುದಿಲ್ಲ ಅಷ್ಟೆ. ರನಿಯೇರಿ ಕಥೆಯಲ್ಲಿ ನನಗೆ ಮುಖ್ಯ ಅನಿಸುವುದು ಯಾರೂ ಹೆಚ್ಚು ಹೇಳದ ಭಾಗ. ಅವರು ಬಂದ ತಕ್ಷಣ ಎಲ್ಲವನ್ನೂ ಬದಲಿಸಲಿಲ್ಲ. ಹಿಂದಿನ ಮ್ಯಾನೇಜರ್ ನೈಜೆಲ್ ಪಿಯರ್ಸನ್ ಕಾಲದ ಸಹಾಯಕರಾದ ಕ್ರೇಗ್ ಶೇಕ್ಸ್‌ಪಿಯರ್ ಮತ್ತು ಸ್ಟೀವ್ ವಾಲ್ಶ್ ಅವರನ್ನು ಜೊತೆಗೇ ಉಳಿಸಿಕೊಂಡರು. ಹೊಸ ಮ್ಯಾನೇಜರ್ ತನ್ನ ಹದಿನಾರು ಜನರ ದಂಡು ಕಟ್ಟಿಕೊಂಡು ಬರುವ ಕಾಲದಲ್ಲಿ ಇದು ಸಣ್ಣ ಮಾತಲ್ಲ.

ಇದರ ಜೋಡಿ ವಾದವೊಂದಿದೆ: ‘ಫರ್ಗುಸನ್‌ಗೂ ಟೈಮ್ ಕೊಟ್ಟಿದ್ರು.’ ಸೋಲುತ್ತಿರುವ ಯಾವ ಮ್ಯಾನೇಜರ್‌ನ ಪರವಾಗಿಯಾದರೂ ಈ ಅಸ್ತ್ರ ಬರುತ್ತದೆ. ನಿಜ, ಕೊಟ್ಟಿದ್ದರು. 1986ರ ನವೆಂಬರ್‌ನಲ್ಲಿ ಬಂದ ಫರ್ಗುಸನ್‌ಗೆ 1989ರ ಡಿಸೆಂಬರ್‌ನಲ್ಲಿ ತವರಿನ ಸ್ಟ್ಯಾಂಡಿನಲ್ಲೇ, ಮೂರು ವರ್ಷದ ಸಬೂಬು ಸಾಕು, ಹೊರಡು ಅನ್ನುವ ಬ್ಯಾನರ್ ಎದ್ದಿತ್ತು. ಮರು ತಿಂಗಳು ನಾಟಿಂಗ್‌ಹ್ಯಾಮ್ ಫಾರೆಸ್ಟ್ ವಿರುದ್ಧ ಮಾರ್ಕ್ ರಾಬಿನ್ಸ್ ಹೊಡೆದ ಒಂದು ಗೋಲು ಅವರ ಕೆಲಸ ಉಳಿಸಿತು ಅಂತ ಪ್ರತೀತಿ. ಸೋತಿದ್ದರೂ ತೆಗೆಯುತ್ತಿರಲಿಲ್ಲ ಅಂತ ಅಂದಿನ ಅಧ್ಯಕ್ಷ ಮಾರ್ಟಿನ್ ಎಡ್ವರ್ಡ್ಸ್ ಆಮೇಲೆ ಹೇಳಿದ್ದಾರೆ. ಯಾಕೆ ತೆಗೆಯುತ್ತಿರಲಿಲ್ಲ? ಬರೀ ತಾಳ್ಮೆಯಿಂದಲ್ಲ. ಕಿರಿಯರ ತಂಡಗಳು, ಪ್ರತಿಭೆ ಹುಡುಕುವವರ ಜಾಲ, ಇವೆಲ್ಲ ಮರುಹುಟ್ಟು ಪಡೆಯುತ್ತಿರುವುದು ಒಳಗಿದ್ದವರಿಗೆ ಕಾಣುತ್ತಿತ್ತು. ಟೈಮ್ ಕೊಡಿ ಅನ್ನುವವರು ಆ ಟೈಮಿನಲ್ಲಿ ಏನು ನಡೆಯುತ್ತಿದೆ ಅಂತಲೂ ತೋರಿಸಬೇಕು. ಆರ್ಸೆನಲ್‌ನಲ್ಲಿ ಮಿಕೆಲ್ ಆರ್ಟೆಟಾ ಸತತ ಎರಡು ಸಲ ಎಂಟನೇ ಸ್ಥಾನದಲ್ಲಿ ಮುಗಿಸಿದಾಗ ಅರ್ಧ ಸ್ಟ್ಯಾಂಡಿಗೆ ಅವರು ಬೇಡವಾಗಿದ್ದರು. ಆದರೆ ತಂಡದ ಸರಾಸರಿ ವಯಸ್ಸು ಇಳಿಯುತ್ತಿತ್ತು, ದುಬಾರಿ ಹಳಬರು ಜಾಗ ಖಾಲಿ ಮಾಡುತ್ತಿದ್ದರು, ಯುವ ಆಟಗಾರ ಸಾಕಾ ಬೆಳೆಯುತ್ತಿದ್ದರು. ನೋಡುವವರಿಗೆ ಗುರುತುಗಳಿದ್ದವು.

ಇನ್ನು ಮಾಜಿ ಆಟಗಾರರು. ಈ ವಿಷಯದಲ್ಲಿ ಅಭಿಮಾನಿಗಳ ಬುದ್ಧಿಗಿಂತ ಹೃದಯ ಮುಂದೆ ಓಡುತ್ತದೆ. ‘ಗಾರ್ಡಿಯೋಲಾ ಆಗಲಿಲ್ವಾ, ಜಿದಾನ್ ಆಗಲಿಲ್ವಾ’ ಅನ್ನುತ್ತೇವೆ. ಆಗಿದ್ದಾರೆ. ಆದರೆ 2008ರಲ್ಲಿ 37ನೇ ವಯಸ್ಸಿನಲ್ಲಿ ಬಾರ್ಸಿಲೋನಾದ ಹೊಣೆ ಹೊರುವ ಮುಂಚೆ ಗಾರ್ಡಿಯೋಲಾ ಒಂದು ಪೂರ್ತಿ ಸೀಸನ್ ಕ್ಲಬ್ಬಿನ ‘ಬಿ’ ತಂಡವನ್ನು ಸ್ಪೇನಿನ ನಾಲ್ಕನೇ ದರ್ಜೆಯಲ್ಲಿ ಆಡಿಸಿ ಬಡ್ತಿ ಕೊಡಿಸಿದ್ದರು. ಜಿದಾನ್ ಕೂಡ ರಿಯಲ್ ಮ್ಯಾಡ್ರಿಡ್‌ನ ಎರಡನೇ ತಂಡದಲ್ಲಿ ಪಳಗಿ ಬಂದವರು. ಆಂಡ್ರಿಯಾ ಪಿರ್ಲೊ ಕಥೆ ನೋಡಿ. 2020ರ ಜುಲೈ ಕೊನೆಯಲ್ಲಿ ಅವರನ್ನು ಯುವೆಂಟಸ್‌ನ 23ರ ಒಳಗಿನವರ ತಂಡಕ್ಕೆ ನೇಮಿಸಿದರು. ಆಗಸ್ಟ್ 8ಕ್ಕೆ ಹಿರಿಯರ ತಂಡ ಕೈಗೆ ಬಂತು, ಕಿರಿಯರನ್ನು ಒಂದು ಪಂದ್ಯವೂ ಆಡಿಸಿರಲಿಲ್ಲ. ಒಂಬತ್ತು ವರ್ಷ ಬಿಡದೆ ಲೀಗ್ ಗೆದ್ದಿದ್ದ ತಂಡ ಆ ಸಲ ನಾಲ್ಕನೇ ಸ್ಥಾನ. ಅಲನ್ ಶಿಯರರ್ ನ್ಯೂಕಾಸಲ್‌ಗೆ ದೇವರ ಸಮಾನ. 2009ರಲ್ಲಿ ಎಂಟು ಪಂದ್ಯ ಬಾಕಿ ಇರುವಾಗ ಕರೆತಂದರು. ಒಂದೇ ಒಂದು ಗೆದ್ದು ತಂಡ ಕೆಳದರ್ಜೆಗೆ ಇಳಿಯಿತು.

ಹಿತ್ತಲ ಗಿಡ ಮದ್ದಲ್ಲ ಅನ್ನುವ ಮಾತು ಸುಳ್ಳಾದ ದೊಡ್ಡ ಪ್ರಸಂಗವೂ ಇದೆ. 1974ರಲ್ಲಿ ಬಿಲ್ ಶ್ಯಾಂಕ್ಲಿ ದಿಢೀರನೆ ಲಿವರ್‌ಪೂಲ್ ಬಿಟ್ಟಾಗ ಇಡೀ ಊರು ದಂಗಾಗಿತ್ತು. ಅವರ ಜಾಗಕ್ಕೆ ಬಂದ ಬಾಬ್ ಪೈಸ್ಲಿ ಆ ಕ್ಲಬ್ಬಿಗೆ 1939ರಲ್ಲಿ ಆಟಗಾರನಾಗಿ ಬಂದವರು, ಆಮೇಲೆ ಫಿಸಿಯೊ, ಆಮೇಲೆ ಕೋಚ್. ಅವರಿಗೆ ಆ ಕುರ್ಚಿಯೇ ಬೇಡವಾಗಿತ್ತು. ಮೊದಲ ವರ್ಷ ಒಂದೂ ಟ್ರೋಫಿ ಇಲ್ಲ. ಒಂಬತ್ತು ವರ್ಷ ಮುಗಿದಾಗ ಆರು ಲೀಗ್ ಪ್ರಶಸ್ತಿ, ಮೂರು ಯೂರೋಪಿಯನ್ ಕಪ್ (ಇವತ್ತಿನ ಚಾಂಪಿಯನ್ಸ್ ಲೀಗ್). ಇವತ್ತಿನ ಯಾವ ಅಭಿಮಾನಿಗಳ ಪಟ್ಟಿಯಲ್ಲೂ ಪೈಸ್ಲಿಯಂಥವರ ಹೆಸರು ಬರುವುದಿಲ್ಲ, ಬರೆದಿಟ್ಟುಕೊಳ್ಳಿ. ಅದೇ ಬೇಸಿಗೆಯಲ್ಲಿ ಲೀಡ್ಸ್‌ನಲ್ಲೂ ಕುರ್ಚಿ ಖಾಲಿಯಾಗಿತ್ತು. ಹೊರಟಿದ್ದ ಡಾನ್ ರೀವಿ ತಮ್ಮ ತಂಡದ ಜಾನಿ ಜೈಲ್ಸ್ ಅವರನ್ನೇ ಮಾಡಿ ಅಂತ ಸೂಚಿಸಿದ್ದರು. ಬೋರ್ಡ್ ಅದನ್ನು ಬಿಟ್ಟು, ವರ್ಷಗಟ್ಟಲೆ ಲೀಡ್ಸ್ ಆಟವನ್ನೇ ಬೈಯುತ್ತಿದ್ದ ಬ್ರಯಾನ್ ಕ್ಲಫ್‌ರನ್ನು ತಂದಿತು. 44 ದಿನ! ಕ್ಲಫ್ ಕೆಟ್ಟ ಮ್ಯಾನೇಜರ್ ಆಗಿದ್ದರೇ? ಮುಂದೆ ಇದೇ ಮನುಷ್ಯ ನಾಟಿಂಗ್‌ಹ್ಯಾಮ್ ಫಾರೆಸ್ಟ್‌ಗೆ 1979, 1980 ಎರಡು ವರ್ಷ ಸತತವಾಗಿ ಯೂರೋಪಿಯನ್ ಕಪ್ ತಂದರು. ಲೀಡ್ಸ್ ತಂಡವೂ ಕೆಟ್ಟದಲ್ಲ, ಆ ಸೀಸನ್‌ನಲ್ಲೇ ಯೂರೋಪಿಯನ್ ಕಪ್ ಫೈನಲ್ ತನಕ ಹೋಯಿತು. ಇಬ್ಬರೂ ಒಳ್ಳೆಯವರೇ, ಜೋಡಿ ಕೆಟ್ಟದು. ಹೆಸರುಗಳನ್ನು ಒಂದರ ಕೆಳಗೊಂದು ಬರೆದು ಅಂಕ ಕೊಡುವ ನಮ್ಮ ಚರ್ಚೆಯಲ್ಲಿ ಜೋಡಿಯ ಮಾತೇ ಬರುವುದಿಲ್ಲ.

ದುಡ್ಡಿನ ವಿಷಯ ಬೇಗ ಮುಗಿಸುತ್ತೇನೆ. ಹೆಚ್ಚು ವರ್ಷಗಳ ಲೆಕ್ಕ ತೆಗೆದರೆ ಲೀಗಿನಲ್ಲಿ ಒಂದು ಕ್ಲಬ್ಬಿನ ಸ್ಥಾನ ಅದು ಆಟಗಾರರಿಗೆ ಕೊಡುವ ಒಟ್ಟು ಸಂಬಳದ ಸ್ಥಾನಕ್ಕೆ ತುಂಬಾ ಹತ್ತಿರ ಇರುತ್ತದೆ ಅನ್ನುವುದನ್ನು ಸ್ಟೀಫನ್ ಶಿಮಾನ್ಸ್ಕಿಯಂಥ ಅರ್ಥಶಾಸ್ತ್ರಜ್ಞರು ತೋರಿಸಿಕೊಟ್ಟಿದ್ದಾರೆ. ಬಾಸ್ ಟೆರ್ ವೇಲ್ ಅನ್ನುವ ಇನ್ನೊಬ್ಬರು 1986ರಿಂದ 2004ರವರೆಗಿನ ಡಚ್ ಲೀಗನ್ನು ನೋಡಿದರು. ಸತತ ಸೋಲಿನ ಮೇಲೆ ಮ್ಯಾನೇಜರ್‌ ಅವರನ್ನು ತೆಗೆದ ತಂಡಗಳು ಚೇತರಿಸಿಕೊಂಡವು. ಅಷ್ಟೇ ಸೋತು ಮ್ಯಾನೇಜರ್‌ ಅವರನ್ನು ಉಳಿಸಿಕೊಂಡ ತಂಡಗಳೂ ಅಷ್ಟೇ ಚೇತರಿಸಿಕೊಂಡವು. ಹೊಸಬರು ಬಂದ ಮೊದಲ ತಿಂಗಳ ಗೆಲುವುಗಳನ್ನು ನೋಡಿ ಹಾರತುರಾಯಿ ಹಿಡಿದು ಓಡುವ ಮುಂಚೆ ಇದು ನೆನಪಿರಲಿ. ಇನ್ನೊಂದು, ‘ಬೆಟ್ಟಿಂಗ್‌ನಲ್ಲಿ ಇವರೇ ಮುಂದಿದ್ದಾರೆ’ ಅಂತ ಸಾಕ್ಷಿ ಕೊಡುವವರಿಗೆ: ಮುಂದಿನ ಮ್ಯಾನೇಜರ್ ಯಾರು ಅನ್ನುವ ಪಣದಲ್ಲಿ ಹರಿಯುವ ದುಡ್ಡು ಬಹಳ ಕಡಿಮೆ. ನಾಲ್ಕಾರು ಜನ ಒಂದು ಹೆಸರಿನ ಮೇಲೆ ಹಾಕಿದರೆ ಸಾಕು, ದರ ಬೀಳುತ್ತದೆ, ಅಂದರೆ ಆ ಹೆಸರು ಮುಂದೆ ಬರುತ್ತದೆ, ದರ ಬಿದ್ದದ್ದು ಸುದ್ದಿಯಾಗುತ್ತದೆ, ಸುದ್ದಿ ನೋಡಿ ಇನ್ನಷ್ಟು ಜನ ಹಾಕುತ್ತಾರೆ. ನಾವೇ ಹಬ್ಬಿಸಿದ ಗಾಳಿಸುದ್ದಿ ನಮಗೇ ಪುರಾವೆಯಾಗಿ ವಾಪಸ್ ಬರುತ್ತದೆ.

ಸರಿ, ಬೋರ್ಡ್‌ನವರಿಗೆ ಬುದ್ಧಿ ಇಲ್ಲ, ಅಧಿಕಾರ ಅಭಿಮಾನಿಗಳ ಕೈಗೇ ಕೊಟ್ಟರೆ? ಇದನ್ನು ನಿಜವಾಗಿ ಮಾಡಿ ನೋಡಿದ್ದಾರೆ. 2007ರಲ್ಲಿ ಇಂಗ್ಲೆಂಡಿನಲ್ಲಿ ‘ಮೈಫುಟ್‌ಬಾಲ್‌ಕ್ಲಬ್’ ಅನ್ನುವ ಯೋಜನೆ ಶುರುವಾಯಿತು. ತಲಾ 35 ಪೌಂಡ್ ಕೊಟ್ಟು ಸದಸ್ಯರಾಗಿ, ಎಲ್ಲರೂ ಸೇರಿ ಒಂದು ಕ್ಲಬ್ ಕೊಳ್ಳೋಣ, ಹನ್ನೊಂದು ಜನ ಯಾರು ಅನ್ನುವುದನ್ನೂ ವೋಟು ಹಾಕಿ ತೀರ್ಮಾನಿಸೋಣ. ಹತ್ತಾರು ದೇಶಗಳಿಂದ ಸಾವಿರಾರು ಜನ ಸೇರಿದರು. 2008ರ ಆರಂಭದಲ್ಲಿ ಕೆಳ ಲೀಗಿನ ಎಬ್ಸ್‌ಫ್ಲೀಟ್ ಯುನೈಟೆಡ್ ಅವರ ಕೈಗೆ ಬಂತು. ಅದೇ ಮೇ ತಿಂಗಳಲ್ಲಿ ವೆಂಬ್ಲಿಯಲ್ಲಿ ಟಾರ್ಕಿಯನ್ನು 1-0ರಿಂದ ಸೋಲಿಸಿ, ಕೆಳ ಲೀಗುಗಳ ತಂಡಗಳಿಗಿರುವ ಎಫ್‌ಎ ಟ್ರೋಫಿ ಗೆದ್ದೂ ಬಿಟ್ಟರು. ಕನಸಲ್ಲವೇ?

ಆದರೆ ತಂಡ ಆರಿಸುವ ಕೆಲಸ ಕೊನೆಗೂ ಮ್ಯಾನೇಜರ್ ಲಿಯಮ್ ಡೇಶ್ ಕೈಯಲ್ಲೇ ಉಳಿಯಿತು. ವಾರವಿಡೀ ಅಭ್ಯಾಸ ನೋಡುವವನಿಗೆ ಗೊತ್ತಿರುವುದು ಸಾವಿರಾರು ಮೈಲಿ ದೂರದಲ್ಲಿ ಕೂತವರಿಗೆ ಗೊತ್ತಿರುವುದಿಲ್ಲ ಅನ್ನುವುದು ಸದಸ್ಯರಿಗೇ ಹೊಳೆಯಿತು. ಯಾರ ಸ್ನಾಯು ಬಿಗಿದಿದೆ, ಯಾರ ಮನೆಯಲ್ಲಿ ತೊಂದರೆ, ಯಾರಿಬ್ಬರು ಮಾತು ಬಿಟ್ಟಿದ್ದಾರೆ, ಇವಕ್ಕೆಲ್ಲ ವೋಟಿಲ್ಲ. ಆಮೇಲೆ ಬಂದವು ಬಜೆಟ್ಟು, ಆಟಗಾರರ ಮಾರಾಟ, ಸಾಲ. ವರ್ಷ ತುಂಬಿದಾಗ ಬಹುಪಾಲು ಜನ ಸದಸ್ಯತ್ವವನ್ನು ಮುಂದುವರಿಸಲಿಲ್ಲ. ಮೊದಲ ವರ್ಷ ಬಂದ ದುಡ್ಡು ಮತ್ತೆ ಬರಲಿಲ್ಲ. 2013ರಲ್ಲಿ, ತಂಡ ಕೆಳಗಿಳಿದ ವರ್ಷ, ಉಳಿದಿದ್ದ ಸದಸ್ಯರೇ ವೋಟು ಹಾಕಿ ತಮ್ಮ ಪಾಲು ಬಿಟ್ಟುಕೊಟ್ಟರು. ಇಷ್ಟೆಲ್ಲ ಆಗುವಾಗ ಮ್ಯಾನೇಜರ್ ಎಷ್ಟು ಜನ ಬದಲಾದರು ಗೊತ್ತೇ? ಆ ಐದು ವರ್ಷವೂ ಡೇಶ್ ಒಬ್ಬರೇ ಇದ್ದರು. ಅಧಿಕಾರ ಇಲ್ಲದಿದ್ದಾಗ ‘ಇವತ್ತೇ ಕಿತ್ತುಹಾಕಿ’ ಅನ್ನುವ ಜನ, ಅಧಿಕಾರ ಬಂದಾಗ ಬೋರ್ಡಿಗಿಂತ ನಿಧಾನಸ್ಥರಾಗಿದ್ದರು. ನನಗೆ ಈ ಇಡೀ ಪ್ರಯೋಗದಲ್ಲಿ ಅತಿ ಕುತೂಹಲದ ಸಂಗತಿ ಇದೇ.

ಹೆಸರಿಗೆ ಮುಂಚೆ ಬೇಕಾದ್ದು ಏನು ಅನ್ನುವುದಕ್ಕೆ 2008ರ ಬಾರ್ಸಿಲೋನಾಗೇ ಮತ್ತೆ ಬರುತ್ತೇನೆ. ಅಂದು ಮೊರಿನ್ಯೊ ಕೆಲಸವಿಲ್ಲದೆ ಇದ್ದರು, ಆ ಕ್ಲಬ್ಬಿನಲ್ಲಿ ಹಿಂದೆ ದುಡಿದವರು, ಯೂರೋಪಿನ ಅತಿ ದೊಡ್ಡ ಹೆಸರು. ಕ್ಲಬ್ಬಿನ ಚಿಕಿ ಬೆಗಿರಿಸ್ಟೈನ್ ಮತ್ತು ಮಾರ್ಕ್ ಇಂಗ್ಲಾ ಲಿಸ್ಬನ್‌ಗೆ ಹೋಗಿ ಅವರೊಡನೆ ಮಾತಾಡಿದರು. ಅವರ ಹತ್ತಿರ ಮೊದಲೇ ಬರೆದಿಟ್ಟುಕೊಂಡ ಮಾನದಂಡಗಳಿದ್ದವು: ನಮ್ಮ ಆಟದ ರೀತಿ, ಕಿರಿಯರಿಗೆ ಅವಕಾಶ, ಮಾಧ್ಯಮದ ಮುಂದೆ ನಡೆನುಡಿ, ಹೀಗೆ. ವಾಪಸ್ ಬಂದು ‘ಬಿ’ ತಂಡದವರಿಗೇ ಕೆಲಸ ಕೊಟ್ಟರು. ಗಾರ್ಡಿಯೋಲಾ ಮೊದಲ ಲೀಗ್ ಪಂದ್ಯದಲ್ಲಿ ನುಮಾನ್ಸಿಯಾ ವಿರುದ್ಧ ಸೋತರು, ಎರಡನೆಯದು ಡ್ರಾ. ಆ ಎರಡು ವಾರ ನಮ್ಮಂಥವರ ಕೈಯಲ್ಲಿ ಬಾರ್ಸಿಲೋನಾ ಇದ್ದಿದ್ದರೆ ಏನಾಗುತ್ತಿತ್ತೋ! ಆ ಸೀಸನ್ ಮುಗಿದಾಗ ಮೂರು ಟ್ರೋಫಿ.

ನನ್ನ ಮಾತು ಇಲ್ಲಿಗೆ ನಿಲ್ಲಿಸಿದ್ದೆ. ಪ್ರಶ್ನೆಗಳಲ್ಲಿ ಎರಡನ್ನು ಮಾತ್ರ ಇಲ್ಲಿ ಕೊಡುತ್ತಿದ್ದೇನೆ.

ಮುಂದಿನ ಸಾಲಿನಲ್ಲಿದ್ದ ಯುವತಿಯೊಬ್ಬರು ಕೇಳಿದರು: ‘ಹಾಗಾದರೆ ನಮ್ಮ ಮಾತಿಗೆ ಬೆಲೆಯೇ ಇಲ್ಲವೇ?’

ಇದೆ, ಆದರೆ ‘ಬೇಡ’ ಅನ್ನುವ ಮಾತಿಗೆ. 2021ರಲ್ಲಿ ಟಾಟನ್‌ಹ್ಯಾಮ್ ಗತ್ತೂಸೊ ಅವರೊಂದಿಗೆ ಮಾತುಕತೆ ನಡೆಸಿದಾಗ ಅವರ ಹಳೆಯ ಹೇಳಿಕೆಗಳನ್ನು ಎತ್ತಿ ಅಭಿಮಾನಿಗಳು ಬೇಡ ಅಂದರು, ಕ್ಲಬ್ ಹಿಂದೆ ಸರಿಯಿತು. 2024ರಲ್ಲಿ ಎಸಿ ಮಿಲಾನ್‌ನವರು ಲೊಪೆಟೆಗಿ ಹೆಸರು ಕೇಳಿ ಎದ್ದು ನಿಂತರು, ಆ ಹೆಸರೂ ಬಿದ್ದುಹೋಯಿತು. ಬೇಡ ಅಂದದ್ದರಿಂದ ಒಳ್ಳೆಯವರು ಬಂದರೇ ಅಂದರೆ, ಅದು ಬೇರೆ ಮಾತು. ಟಾಟನ್‌ಹ್ಯಾಮ್‌ಗೆ ಬಂದ ನುನೊ ನಾಲ್ಕು ತಿಂಗಳು ಇದ್ದರು, ಮಿಲಾನ್‌ಗೆ ಬಂದ ಫೊನ್ಸೆಕಾ ಆ ಡಿಸೆಂಬರ್ ದಾಟಲಿಲ್ಲ. ಆದರೂ ಗತ್ತೂಸೊ ಪ್ರಸಂಗದಲ್ಲಿ ಅಭಿಮಾನಿಗಳು ಎತ್ತಿದ್ದು ಆಟದ ಪ್ರಶ್ನೆಯಲ್ಲ, ನಮ್ಮ ಕ್ಲಬ್ಬಿನ ಪರವಾಗಿ ಮೈಕಿನ ಮುಂದೆ ಯಾರು ಕೂರಬೇಕು ಅನ್ನುವ ಪ್ರಶ್ನೆ. ಅದನ್ನು ಕೇಳುವ ಹಕ್ಕು ಟಿಕೆಟ್ ಕೊಂಡವರಿಗೆ ಖಂಡಿತ ಇದೆ. ಎದುರಾಳಿ ಕ್ಲಬ್ಬಿನಿಂದ ಬಂದವರು ಬೇಡ ಅನ್ನುವುದೂ ಹಾಗೇ. 2011ರಲ್ಲಿ ಬರ್ಮಿಂಗ್‌ಹ್ಯಾಮ್ ಸಿಟಿಯಿಂದ ನೇರವಾಗಿ ಅಲೆಕ್ಸ್ ಮೆಕ್‌ಲೀಶ್ ಆಸ್ಟನ್ ವಿಲ್ಲಾಕ್ಕೆ ಬಂದಾಗ ವಿಲ್ಲಾದವರು ಬೀದಿಗಿಳಿದರು. ಅದು ಫುಟ್‌ಬಾಲ್ ತರ್ಕವಲ್ಲ, ಸ್ವಾಭಿಮಾನದ ತರ್ಕ. ಹಾಗಂತ ಒಪ್ಪಿಕೊಂಡು ಹೇಳಿದರೆ ಸಾಕು, ಅದಕ್ಕೆ ಪ್ರೆಸ್ಸಿಂಗ್ (ಚೆಂಡು ಕಸಿಯಲು ಎದುರಾಳಿಯ ಮೇಲೆ ಮುಗಿಬೀಳುವುದು) ಅಂಕಿಅಂಶದ ವೇಷ ತೊಡಿಸುವ ಅಗತ್ಯವಿಲ್ಲ.

ಇನ್ನೊಬ್ಬರು ಕೇಳಿದರು: ‘ತಾತ್ಕಾಲಿಕವಾಗಿ ಬಂದವರೇ ಗೆಲ್ಲಿಸುತ್ತಿದ್ದರೆ ಅವರನ್ನೇ ಕಾಯಂ ಮಾಡಬಾರದೇಕೆ?’

ಮಾಡಬಹುದು, ಸೀಸನ್ ಮುಗಿಯುವ ತನಕ ಕಾದು. ಸೋಲ್ಶಾರ್ ತಾತ್ಕಾಲಿಕವಾಗಿ ಬಂದು ಮೊದಲ ಪಂದ್ಯದಲ್ಲೇ ಕಾರ್ಡಿಫ್ ವಿರುದ್ಧ ಐದು ಗೋಲು ಹೊಡೆಸಿದರು. ಪ್ಯಾರಿಸ್‌ನಲ್ಲಿ ಪಿಎಸ್‌ಜಿಯನ್ನು 3-1ರಿಂದ ಮಣಿಸಿದ ರಾತ್ರಿ, ಅವರ ಮುಂದೆ ಕರಾರು ಪತ್ರ ಇಡಿ ಅಂತ ಹಳೆಯ ಸಹ ಆಟಗಾರರೇ ಟಿವಿಯಲ್ಲಿ ಹೇಳಿದರು. 2019ರ ಮಾರ್ಚ್ 28ಕ್ಕೆ ಕಾಯಂ ಆಯಿತು. ಆ ಸೀಸನ್‌ನ ಕೊನೆಯ ಪಂದ್ಯದಲ್ಲಿ ಅದೇ ಕಾರ್ಡಿಫ್, ಆಗಲೇ ಕೆಳಗಿಳಿದಿದ್ದ ಕಾರ್ಡಿಫ್, ಓಲ್ಡ್ ಟ್ರಾಫರ್ಡ್‌ಗೆ ಬಂದು 2-0ರಿಂದ ಗೆದ್ದು ಹೋಯಿತು. ಎರಡು ತಿಂಗಳು ಕಾದಿದ್ದರೆ ಕಳೆದುಕೊಳ್ಳುವುದು ಏನಿತ್ತು?

ಚೆಲ್ಸಿಯಾ ಕಥೆ ಇನ್ನೂ ಸ್ವಾರಸ್ಯ. 2012ರಲ್ಲಿ ತಾತ್ಕಾಲಿಕ ಡಿ ಮಾಟಿಯೊ ಚಾಂಪಿಯನ್ಸ್ ಲೀಗನ್ನೇ ಗೆದ್ದರು, ಕಾಯಂ ಆದರು, ನವೆಂಬರ್‌ನಲ್ಲಿ ಹೊರಬಿದ್ದರು. ಲಿವರ್‌ಪೂಲ್‌ನ ಹಳೆಯ ಮ್ಯಾನೇಜರ್ ಅನ್ನುವ ಒಂದೇ ಸಿಟ್ಟಿಗೆ ಅಭಿಮಾನಿಗಳು, ಅವರ ಜಾಗಕ್ಕೆ ತಾತ್ಕಾಲಿಕವಾಗಿ ಬಂದ ಬೆನಿಟೆಜ್‌ರನ್ನು ಮೊದಲ ದಿನದಿಂದ ಕೂಗಿ ಹಂಗಿಸಿದರು. ಅವರು ಯೂರೋಪಾ ಲೀಗ್ ಗೆದ್ದುಕೊಟ್ಟು ಬ್ಯಾಗು ಕಟ್ಟಿದರು. ಕೊನೆಗೆ ಅಭಿಮಾನಿಗಳು ವರ್ಷಗಟ್ಟಲೆ ಹಾಡಿಕೊಂಡು ಬಂದಿದ್ದ ಹೆಸರೇ ಬಂತು, ಮೊರಿನ್ಯೊ. ಸ್ಟ್ಯಾಂಡಿನ ಆಯ್ಕೆ ಹೀಗೆ ನಿಜವಾಗುವುದು ಅಪರೂಪ. 2015ರಲ್ಲಿ ಲೀಗ್ ಗೆದ್ದರು. ಅದೇ ಡಿಸೆಂಬರ್‌ನಲ್ಲಿ ತಂಡ 16ನೇ ಸ್ಥಾನದಲ್ಲಿತ್ತು, ಮೊರಿನ್ಯೊ ಹೊರಗಿದ್ದರು. ಎರಡು ದಿನ ಬಿಟ್ಟು ಸಂಡರ್‌ಲ್ಯಾಂಡ್ ವಿರುದ್ಧ ಪಂದ್ಯ. ಚೆಲ್ಸಿಯಾ 3-1ರಿಂದ ಗೆಲ್ಲುತ್ತಿದೆ. ಸ್ಟ್ಯಾಂಡಿನವರು ತಮ್ಮದೇ ಆಟಗಾರರನ್ನು ಹೀಯಾಳಿಸುತ್ತ ತೊಂಬತ್ತು ನಿಮಿಷ ಮೊರಿನ್ಯೊ ಹೆಸರನ್ನೇ ಹಾಡುತ್ತಿದ್ದಾರೆ. ಅವರ ತಲೆಯ ಮೇಲೆ, ಮಾಲೀಕ ಅಬ್ರಮೋವಿಚ್ ಜೊತೆ ಕೂತು ಅದನ್ನೆಲ್ಲ ಕೇಳಿಸಿಕೊಳ್ಳುತ್ತಿದ್ದವರು ಗುಸ್ ಹಿಡ್ಡಿಂಕ್, ಮುಂದಿನ ಮ್ಯಾನೇಜರ್.